ಕೈಗಡಿಯಾರ ಗಂಡಸರ ಕೈಗೆ ಬಂದದ್ದು ಹೇಗೆ?

ಪ್ರಶ್ನೆ: ಹಿಂದಿನ ಕಾಲದ ಗಂಡಸರು ಗಡಿಯಾರಕ್ಕೆ ಸರಪಳಿ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದು ಮಣಿಕಟ್ಟಿಗೆ ಬಂದದ್ದು ಯಾವಾಗ, ಯಾಕೆ?

ಉತ್ತರ: ಯುದ್ಧದಿಂದ. ಅದಕ್ಕೂ ಮೊದಲು ಕೈಗಡಿಯಾರವೇ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಅದು ಹೆಂಗಸರ ಒಡವೆ. ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್ ಮುರಾ 1810ರಲ್ಲೇ ಪ್ಯಾರಿಸಿನ ಗಡಿಯಾರ ತಯಾರಕ ಬ್ರೆಗೆ ಬಳಿ ಕೈಗೆ ಕಟ್ಟುವ ಗಡಿಯಾರ ಮಾಡಿಸಲು ಹೇಳಿದ್ದಳು. ಯುರೋಪಿನ ಗಂಡಸರು ಮಾತ್ರ ಆ ಶತಮಾನ ಮುಗಿಯುವವರೆಗೂ ಅದನ್ನು ಬಳೆಯ ಜೊತೆಗೇ ಲೆಕ್ಕ ಹಾಕಿದರು. ಧೂಳು, ಬೆವರು, ಪೆಟ್ಟು ತಗಲುವ ಕೈಯಲ್ಲಿ ಅಷ್ಟು ಚಿಕ್ಕ ಯಂತ್ರ ಸರಿಯಾದ ಸಮಯ ತೋರಿಸೀತೆಂಬ ನಂಬಿಕೆಯೂ ಅವರಿಗಿರಲಿಲ್ಲ.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಜೇಬುಗಡಿಯಾರವನ್ನೇ ಚರ್ಮದ ಪಟ್ಟಿಯೊಳಗೆ ಕೂರಿಸಿ ಕೈಗೆ ಬಿಗಿದುಕೊಂಡರು. ವಾಯುನೌಕೆ ಹಾರಿಸುತ್ತಿದ್ದ ಬ್ರೆಜಿಲ್‌ನ ಸಾಂಟೋಸ್ ಡ್ಯೂಮಾಂಟ್‌ಗೂ ಇದೇ ತೊಡಕು: ಎರಡು ಕೈಗೂ ಕೆಲಸವಿರುವಾಗ ಜೇಬಿಗೆ ಕೈ ಹಾಕುವುದೆಂತು? ಗೆಳೆಯ, ಪ್ಯಾರಿಸಿನ ಒಡವೆ ವ್ಯಾಪಾರಿ ಲೂಯಿ ಕಾರ್ಟಿಯೆ 1904ರಲ್ಲಿ ಅವನಿಗೆ ಕೈಗಡಿಯಾರ ಮಾಡಿಕೊಟ್ಟ.

ಆದರೆ ಸಾಮಾನ್ಯ ಗಂಡಸಿನ ಸಂಕೋಚ ಹರಿದದ್ದು ಮೊದಲ ಮಹಾಯುದ್ಧದ ಕಂದಕಗಳಲ್ಲಿ. ಅಲ್ಲಿ ಫಿರಂಗಿಗಳ ಗುಂಡಿನ ಮಳೆ ನಿಗದಿತ ನಿಮಿಷಕ್ಕೆ ಮುಂದೆ ಸರಿಯುತ್ತಿತ್ತು, ಕಾಲಾಳುಗಳು ಅದರ ಬೆನ್ನಿಗೇ ನಡೆಯಬೇಕಿತ್ತು. ಒಂದೆರಡು ನಿಮಿಷ ಮುಂಚೆ ಹೊರಟರೂ ತಮ್ಮದೇ ಗುಂಡಿಗೆ ಬಲಿ. ಹಾಗಾಗಿ ದಾಳಿಗೆ ಮೊದಲು ಅಧಿಕಾರಿಗಳೆಲ್ಲ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಬ್ರಿಟಿಷ್ ಪಡೆಗಳಿಗೆ ಕೊಟ್ಟಿದ್ದ ಹೊತ್ತು ಬೆಳಗ್ಗೆ 7.30. ಕೋಟಿನ ಗುಂಡಿ ಬಿಚ್ಚಿ ಸರಪಳಿ ಎಳೆಯುತ್ತ ಕೂರುವ ಜಾಗ ಅದಲ್ಲ.

ಆ ಕಾಲದ ಗಡಿಯಾರ ಸಿಕ್ಕರೆ ಹತ್ತಿರದಿಂದ ನೋಡಿ. ದುಂಡನೆಯ ಬೆಳ್ಳಿ ಡಬ್ಬಿ, ಅದರ ಎರಡು ಬದಿಗೆ ಬೆಸೆದ ಬಾಗಿದ ತಂತಿ, ತಂತಿಯೊಳಗೆ ತೂರಿಸಿದ ಚರ್ಮದ ಪಟ್ಟಿ. ಜೇಬುಗಡಿಯಾರಕ್ಕೆ ಕಿವಿ ಮೂಡಿಸಿದ್ದಾರೆಂದು ಥಟ್ಟನೆ ಗೊತ್ತಾಗುತ್ತದೆ. ಕೆಲವಕ್ಕೆ ಗಾಜು ಒಡೆಯದಂತೆ ಲೋಹದ ಜಾಲರಿಯೂ ಇದೆ. ಕತ್ತಲಲ್ಲಿ ಕಾಣಲೆಂದು ಅಂಕಿಗಳಿಗೂ ಮುಳ್ಳುಗಳಿಗೂ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಹುಡುಗಿಯರಲ್ಲಿ ಹಲವರು ದವಡೆಯ ಮೂಳೆ ಕೊಳೆತು ಸತ್ತರು. ಕೈಗಡಿಯಾರದ ಚರಿತ್ರೆ ಹೇಳುವಾಗ ಅವರನ್ನು ಬಿಟ್ಟು ಹೇಳಬಾರದು.

ಯಂತ್ರದ ಮೇಲಿನ ಅಪನಂಬಿಕೆಯೂ ಇದೇ ವರ್ಷಗಳಲ್ಲಿ ಕರಗಿತು. 1914ರಲ್ಲಿ ರೋಲೆಕ್ಸ್‌ನ ಕೈಗಡಿಯಾರವೊಂದಕ್ಕೆ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ನಿಖರತೆಯ ‘ಎ’ ದರ್ಜೆ ಪ್ರಮಾಣಪತ್ರ ಕೊಟ್ಟಿತ್ತು. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರು ಕೈಗಡಿಯಾರವನ್ನು ಬಿಚ್ಚಲಿಲ್ಲ. ಕಂದಕ ಕಂಡು ಬಂದವನ ಕೈಯಲ್ಲಿದ್ದದ್ದನ್ನು ಹೆಣ್ಣಿನ ಒಡವೆ ಎಂದು ಹಂಗಿಸುವ ಧೈರ್ಯ ಯಾರಿಗಿದ್ದೀತು? 1930ರ ಹೊತ್ತಿಗೆ ಮಾರಾಟದಲ್ಲಿ ಜೇಬುಗಡಿಯಾರ ಹಿಂದೆ ಬಿದ್ದಿತ್ತು. ಅದಕ್ಕೆಂದೇ ಹೊಲಿದ ಪುಟ್ಟ ಜೇಬು ಮಾತ್ರ ಜೀನ್ಸ್ ಪ್ಯಾಂಟಿನ ಬಲಗಡೆ ಇವತ್ತಿಗೂ ಇದೆ.