ಪದ ಪರಿಚಯ: ಲೂನಿ 11

ಹುಣ್ಣಿಮೆ ರಾತ್ರಿ ಕ್ಯಾಮೆರಾ ಹಿಡಿದು ತಾರಸಿ ಹತ್ತಿದವರಿಗೆಲ್ಲ ಮೊದಲ ಸಲ ಒಂದೇ ಗತಿ. ಕಣ್ಣಿಗೆ ಮೊಲ, ಕಲೆ ಎಲ್ಲ ಚೆನ್ನಾಗಿ ಕಾಣುತ್ತೆ. ಫೋಟೊದಲ್ಲಿ ಮಾತ್ರ ಕಪ್ಪು ಬಟ್ಟೆ ಮೇಲೆ ಅಂಟಿಸಿದ ಬಿಳಿ ಬೊಟ್ಟು. ನನಗೂ ಹಾಗೇ ಆಗಿತ್ತು. ಸುಮ್ನೆ ಲೆನ್ಸನ್ನು ಬೈದುಕೊಂಡೆ. ರಾತ್ರಿಯ ಫೋಟೊ ತೆಗೀತಿದ್ದೀನಿ ಅಂದುಕೊಂಡಿದ್ದೇ ನನ್ನ ತಪ್ಪು.

ರಾತ್ರಿ ನಮಗೆ. ನಮಗೆ ಕಾಣೋ ಚಂದ್ರನ ನೆಲದ ಮೇಲೆ ಆಗ ಸುಡುಬಿಸಿಲು. ಸೂರ್ಯನಿಂದ ನಾವೆಷ್ಟು ದೂರವೋ ಅವನೂ ಹೆಚ್ಚುಕಡಿಮೆ ಅಷ್ಟೇ ದೂರ. ಪಾಪ, ಕ್ಯಾಮೆರಾದ ಆಟೊ ಮೋಡ್‌ಗೆ ಇದು ಗೊತ್ತಿಲ್ಲ. ಸುತ್ತಲಿನ ಕತ್ತಲೆ ನೋಡಿ ಬೆಳಕನ್ನು ಧಾರಾಳವಾಗಿ ಒಳಗೆ ಬಿಡುತ್ತೆ.

ಫಿಲ್ಮ್ ಕಾಲದವರ ಹತ್ತಿರ 'ಸನ್ನಿ 16' ಅಂತ ಒಂದು ಲೆಕ್ಕ ಇತ್ತು. ಒಳ್ಳೆ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಎಫ್ 16ಕ್ಕೆ ಇಡಿ, ಐಎಸ್‌ಒ (ಫಿಲ್ಮ್ ಅಥವಾ ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಳತೆ) 200 ಆದರೆ ಶಟರ್ (ಬೆಳಕು ಒಳಗೆ ಬರೋ ಹೊತ್ತು) 1/200 ಸೆಕೆಂಡ್. ಅಷ್ಟೇ. ಅದರ ತಮ್ಮನೇ 'ಲೂನಿ 11'. ಹುಣ್ಣಿಮೆ ಚಂದ್ರನಿಗೆ ಎಫ್ 11, ಉಳಿದದ್ದೆಲ್ಲ ಅದೇ ಲೆಕ್ಕ. ಲೂನಾ ಅಂದರೆ ಚಂದ್ರ. ಇಂಗ್ಲಿಷಲ್ಲಿ ಲೂನಿ ಅಂದರೆ ಮರುಳು ಅಂತಲೂ ಅರ್ಥ ಇದೆ. ನಡುರಾತ್ರಿ ತಾರಸಿ ಹತ್ತೋರಿಗೆ ಹೇಳಿ ಮಾಡಿಸಿದ ಹೆಸರು, ಅಲ್ವಾ?

16 ಬಿಟ್ಟು 11 ಯಾಕೆ? ಹಾಗೆ ಮಾಡಿದರೆ ಬೆಳಕು ಎರಡರಷ್ಟು ಒಳಗೆ ಬರುತ್ತೆ, ಚಂದ್ರನಿಗೆ ಅದು ಬೇಕು. ಹಾಲಿನ ಹಾಗೆ ಬೆಳ್ಳಗೆ ಅಂತ ನಾವು ಹೊಗಳೋ ಆ ನೆಲ ನಿಜವಾಗಿ ಸವೆದ ಡಾಂಬರ್ ರಸ್ತೆಯ ಬಣ್ಣದ್ದು. ಬಿದ್ದ ಬಿಸಿಲಲ್ಲಿ ಸುಮಾರು 12 ಪರ್ಸೆಂಟ್ ಮಾತ್ರ ವಾಪಸ್ ಕಳಿಸುತ್ತೆ.

ಅಷ್ಟಮಿಯ ಅರ್ಧ ಚಂದ್ರನಿಗೆ ಈ ಲೆಕ್ಕ ಸಾಲದು. ಅರ್ಧ ಚಂದ್ರ ಅಂದರೆ ಅರ್ಧ ಬೆಳಕು ಅನ್ನಿಸುತ್ತೆ, ಆದರೆ ಹುಣ್ಣಿಮೆಯ ಹತ್ತನೇ ಒಂದು ಭಾಗದಷ್ಟೇ ಇರುತ್ತೆ. ಬಿಸಿಲು ಓರೆಯಾಗಿ ಬಿದ್ದು ಕುಳಿಗಳೆಲ್ಲ ನೆರಳು ತುಂಬಿಕೊಂಡಿರುತ್ತವೆ. ಬೆಳಗೋ ಜಾಗವೂ ಅರ್ಧವೇ ಆದ್ದರಿಂದ ಹತ್ತು ಪಟ್ಟು ಬೆಳಕು ಬೇಡ, ಎಫ್ 11, ಐಎಸ್‌ಒ 200 ಹಾಗೇ ಇಟ್ಟು ಶಟರ್ 1/50ಕ್ಕೆ ಇಳಿಸಿ. ಕುಳಿಗಳ ಅಂಚು ಎದ್ದು ಕಾಣೋದೂ ಆ ನೆರಳಿಂದಲೇ, ಹಾಗಾಗಿ ನನಗೆ ಹುಣ್ಣಿಮೆಗಿಂತ ಅಷ್ಟಮಿಯೇ ಇಷ್ಟ. ಬಿದಿಗೆ, ತದಿಗೆಯ ಗೆರೆಗೆ ಇನ್ನೂ ಜಾಸ್ತಿ ಬೆಳಕು ಬೇಕು. (ಗಣೇಶನ ಹಬ್ಬದ ಚೌತಿ ಚಂದ್ರನ್ನ ಕ್ಯಾಮೆರಾದ ಪರದೆಯಲ್ಲಿ ನೋಡಿದರೂ ಅಪವಾದ ಬರುತ್ತಾ ಅಂತ ನನ್ನನ್ನು ಕೇಳಬೇಡಿ.)

ಗ್ರಹಗಳಿಗೂ ಇದೇ ಯೋಚನೆ. ಗುರು ಸೂರ್ಯನಿಂದ ನಮಗಿಂತ ಐದು ಪಟ್ಟು ದೂರ, ಅಲ್ಲಿ ಬಿಸಿಲು ಇಲ್ಲಿಯ 27ನೇ ಒಂದು ಭಾಗ. ಆದರೆ ಅವನ ಮೋಡಗಳು ಬೆಳ್ಳಗಿವೆ. ಹಾಗಾಗಿ ಎಫ್ 11, ಐಎಸ್‌ಒ 200 ಇದ್ದರೆ 1/25ರ ಆಸುಪಾಸು ಸಾಕು. ಶುಕ್ರ ಸೂರ್ಯನಿಗೆ ಹತ್ತಿರ, ಮೋಡವೂ ಬಿಳಿ. ಅವನಿಗೆ ಚಂದ್ರನಷ್ಟೂ ಬೇಡ.

ಗಾತ್ರದ ವಿಷಯದಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. 300 ಎಂಎಂ ಲೆನ್ಸಲ್ಲಿ ಚಂದ್ರ ಸೆನ್ಸರ್ ಮೇಲೆ 2.7 ಮಿಲಿಮೀಟರ್ ಬಂದರೆ, ಗುರು ಹದಿನೈದಿಪ್ಪತ್ತು ಪಿಕ್ಸೆಲ್ ಅಗಲದ ಚುಕ್ಕಿ. ಪಟ್ಟೆಗಳು ಕಾಣಲ್ಲ. ಆದರೆ ಟ್ರೈಪಾಡ್ ಮೇಲೆ ಎಫ್ 5.6, ಐಎಸ್‌ಒ 800, ಕಾಲು ಸೆಕೆಂಡ್ ಇಟ್ಟು ನೋಡಿ. ಗುರು ಬಿಳಿ ಬೊಟ್ಟಾಗುತ್ತಾನೆ, ಆಗಲಿ ಬಿಡಿ. ಅಕ್ಕಪಕ್ಕ ಒಂದೇ ಸಾಲಲ್ಲಿ ಸಾಸಿವೆ ಕಾಳಿನ ಹಾಗೆ ಎರಡೋ ಮೂರೋ ನಾಲ್ಕೋ ಚುಕ್ಕಿ ಕಾಣುತ್ತವೆ. 1610ರಲ್ಲಿ ಗೆಲಿಲಿಯೊ ಕಂಡ ಗುರುವಿನ ಚಂದ್ರಗಳು ಅವೇ.