ಸಹಿ ಬಿದ್ದ ದಿನವೇ ಡ್ಯೂಟಿ ಇಳಿಯುವುದಿಲ್ಲ

ಪೇಪರಿನಲ್ಲಿ ಫೋಟೋ ಬಂದ ದಿನವೇ ನನ್ನ ಫೋನ್ ಶುರುವಾಗುತ್ತದೆ. ಇಬ್ಬರು ಅಧ್ಯಕ್ಷರು, ಹಿಂದೆ ಎರಡು ಬಾವುಟ. 2024ರ ಫೆಬ್ರವರಿಯಲ್ಲಿ ಬ್ರೆಜಿಲ್‌ನ ಲೂಲಾ ಕೈರೋಗೆ ಹೋದಾಗ ಹಾಗೇ ಆಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಈಜಿಪ್ಟ್‌ನ ಸಿಸಿ ರಿಯೋಗೆ ಹೋದಾಗಲೂ ಅದೇ ಪ್ರಶ್ನೆ. "ಅಕ್ಕಾ, ಎರಡು ದೇಶದವರ ಸಹಿ ಆಯ್ತಂತಲ್ಲ, ಇನ್ನು ಡ್ಯೂಟಿ ಇಲ್ಲ ಅಲ್ವಾ?" ಡ್ಯೂಟಿ ಅಂದರೆ ಆಮದು ಸುಂಕ.

ದುಬೈನಲ್ಲಿ ಕೂತು ಸಾಗಣೆಯ ಕಾಗದಪತ್ರ ನೋಡುವುದು ನನ್ನ ಕೆಲಸ. ಸರಕು ಬ್ರೆಜಿಲ್‌ನಲ್ಲಿ ಹಡಗು ಹತ್ತುತ್ತದೆ, ಈಜಿಪ್ಟ್‌ನಲ್ಲಿ ಇಳಿಯುತ್ತದೆ. ನಡುವಿನ ವ್ಯಾಪಾರಿ ಇಲ್ಲಿರುತ್ತಾನೆ. ನನ್ನ ಹತ್ತಿರ ಬರುವವರಲ್ಲಿ ನಮ್ಮ ಕರಾವಳಿಯವರು, ಮಲೆನಾಡಿನವರು ಜಾಸ್ತಿ. ಚುರುಕು ಹುಡುಗರು. ರೇಟು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಆದರೆ ಎರಡು ದೇಶಗಳ ಸ್ನೇಹ ಬೇರೆ, ಡ್ಯೂಟಿ ರಿಯಾಯಿತಿ ಬೇರೆ ಎನ್ನುವುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ. ಅದರಿಂದ ಅವರ ದುಡ್ಡು ಹೋಗುವುದನ್ನು ನೋಡಿ ನನಗೆ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ನೇಹ ಇರುವುದು ನಿಜ. ಬ್ರೆಜಿಲ್‌ನ ಚಕ್ರವರ್ತಿ ಎರಡನೇ ಪೆಡ್ರೊ 1871ರಲ್ಲೇ ಈಜಿಪ್ಟ್ ನೋಡಿ ಬಂದಿದ್ದ, ಆಮೇಲೆ ಮತ್ತೊಮ್ಮೆ ಹೋದ. ರಾಜತಾಂತ್ರಿಕ ಸಂಬಂಧ ಶುರುವಾಗಿದ್ದು 1924ರಲ್ಲಿ. ಸೂಯೆಜ್ ಗಲಾಟೆಯ ನಂತರ 1957ರಿಂದ 1967ರವರೆಗೆ ವಿಶ್ವಸಂಸ್ಥೆಯ ಪಡೆಯಲ್ಲಿ ಬ್ರೆಜಿಲ್ ಸೈನಿಕರು ಅಲ್ಲಿ ಕಾವಲಿದ್ದರು. 2024ರ ಜನವರಿಯಲ್ಲಿ ಈಜಿಪ್ಟ್, ಬ್ರೆಜಿಲ್ ಮತ್ತು ಭಾರತ ಎಲ್ಲ ಇರುವ ಬ್ರಿಕ್ಸ್ ಕೂಟ ಸೇರಿತು. ಆಗಲೂ ಫೋನ್ ಬಂದವು. ಬ್ರಿಕ್ಸ್ ಸುಂಕದ ಒಪ್ಪಂದವೇ ಅಲ್ಲ. ಅದರ ಸದಸ್ಯರಾದ ಮಾತ್ರಕ್ಕೆ ಯಾವ ಬಂದರಿನಲ್ಲೂ ಒಂದು ಪೈಸೆ ಡ್ಯೂಟಿ ಕಡಿಮೆಯಾಗುವುದಿಲ್ಲ. ಎಂಒಯು, ಅಂದರೆ ತಿಳುವಳಿಕೆ ಪತ್ರ, ಕೂಡ ಹಾಗೇ. ಒಟ್ಟಿಗೆ ಕೆಲಸ ಮಾಡೋಣ ಅನ್ನುವ ಮಾತು ಅದು, ಅಷ್ಟೇ.

ಹಾಗಾದರೆ ರಿಯಾಯಿತಿ ಎಲ್ಲಿಂದ ಬರುತ್ತದೆ? ಮರ್ಕೊಸೂರ್ ಒಪ್ಪಂದದಿಂದ. ಬ್ರೆಜಿಲ್ ಒಂದೇ ಕೂತು ಈಜಿಪ್ಟ್‌ಗೆ ಸುಂಕ ಇಳಿಸಲು ಆಗುವುದಿಲ್ಲ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮೊದಲಾದ ದೇಶಗಳ ಜೊತೆ ಸೇರಿ ಅವರದು ಒಂದು ಕೂಟ, ಹೊರಗಿನವರಿಗೆಲ್ಲ ಒಂದೇ ಸುಂಕದ ಪಟ್ಟಿ. ಈ ಕೂಟ ಈಜಿಪ್ಟ್ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು 2010ರ ಆಗಸ್ಟ್ 2ರಂದು, ಅರ್ಜೆಂಟೀನಾದ ಸ್ಯಾನ್ ಹುವಾನ್ ಊರಿನಲ್ಲಿ. ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 1ರಂದು.

ಈ ಎರಡು ತಾರೀಕು ಇನ್ನೊಮ್ಮೆ ನೋಡಿ. ನಡುವೆ ಏಳು ವರ್ಷ. ಸಹಿ ಹಾಕಿದ ಮೇಲೆ ಪ್ರತಿ ದೇಶದ ಸಂಸತ್ತೂ ಒಪ್ಪಬೇಕು. ಒಬ್ಬರು ತಡಮಾಡಿದರೂ ಎಲ್ಲರೂ ಕಾಯಬೇಕು. ಆ ಏಳು ವರ್ಷದಲ್ಲಿ ಈಜಿಪ್ಟ್‌ನಲ್ಲಿ ಸರ್ಕಾರಗಳೇ ಬದಲಾಗಿ ಹೋದವು. ಸಹಿಯ ಸುದ್ದಿ ನಂಬಿ 2011ರಲ್ಲೇ ರೇಟು ಕೊಟ್ಟವರಿದ್ದರೆ ಅವರ ಕಥೆ ಏನು? ಮರ್ಕೊಸೂರ್ ಜೊತೆ ನಮ್ಮ ಭಾರತದ ಒಪ್ಪಂದವೂ ಹೀಗೇ. 2004ರಲ್ಲಿ ಸಹಿ, 2009ರ ಜೂನ್‌ನಲ್ಲಿ ಜಾರಿ. ಅದೂ ಎಲ್ಲ ಸರಕಿಗಲ್ಲ, ಸುಮಾರು 450 ಬಗೆಯ ಸರಕಿಗೆ ಮಾತ್ರ.

ಜಾರಿಯಾದ ಮೇಲೂ ಎಲ್ಲ ಸರಕಿಗೆ ಒಂದೇ ದಿನ ಸೊನ್ನೆ ಆಗುವುದಿಲ್ಲ. ಈಜಿಪ್ಟ್ ಒಪ್ಪಂದದಲ್ಲಿ ಕೆಲವಕ್ಕೆ ಮೊದಲ ದಿನವೇ ಡ್ಯೂಟಿ ಹೋಯಿತು. ಉಳಿದವಕ್ಕೆ ಕಂತಿನಲ್ಲಿ, 4 ವರ್ಷ, 8 ವರ್ಷ, 10 ವರ್ಷ ಹೀಗೆ. ನಿಮ್ಮ ಸರಕು ಯಾವ ಪಟ್ಟಿಯಲ್ಲಿದೆ ಎಂದು ಎಚ್‌ಎಸ್ ಕೋಡ್, ಅಂದರೆ ಪ್ರತಿ ಬಗೆಯ ಸರಕಿಗೂ ಕಸ್ಟಮ್ಸ್‌ನಲ್ಲಿರುವ ಸಂಖ್ಯೆ, ಹಿಡಿದು ನೋಡಬೇಕು. ನಾನು ನೋಡಿ ಹೇಳಿದರೂ ಈಜಿಪ್ಟ್‌ನ ಕ್ಲಿಯರಿಂಗ್ ಏಜೆಂಟ್‌ನ ಹತ್ತಿರ ಒಮ್ಮೆ ಬರೆಸಿಕೊಳ್ಳಿ. ಕೊನೆಯ ಮಾತು ಅಲ್ಲಿನ ಕಸ್ಟಮ್ಸ್‌ದು.

ಇಷ್ಟೆಲ್ಲ ಸರಿಯಾಗಿದ್ದೂ ಮುಗ್ಗರಿಸುವ ಜಾಗ ಒಂದಿದೆ. ಅದಕ್ಕೆ ಸಕಲೇಶಪುರ ಕಡೆಯ ಒಬ್ಬ ಹುಡುಗನ ವಿಷಯ ಹೇಳಬೇಕು.

ಅವನ ಮನೆಯದು ಕಾಫಿ, ಮೆಣಸಿನ ತೋಟ. ಇಲ್ಲಿ ಮಸಾಲೆ ಪದಾರ್ಥದ ವ್ಯಾಪಾರ. ಬ್ರೆಜಿಲ್‌ನ ಸಾವೊ ಮಟಿಯಸ್ ಕಡೆಯಿಂದ ಒಂದು ಕಂಟೇನರ್ ಕರಿಮೆಣಸು ತರಿಸಿದ್ದ. 280 ಚೀಲ, ಒಂದೊಂದು 50 ಕೆಜಿ. ದುಬೈನಲ್ಲೇ ಮಾರೋಣ ಅಂತ ತರಿಸಿ ಜೆಬೆಲ್ ಅಲಿ ಫ್ರೀ ಝೋನಿನ ಗೋಡೌನಿನಲ್ಲಿ ಇಟ್ಟಿದ್ದ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ ಚೀಲ ಬಿಚ್ಚಿ ತೋರಿಸಿದ. ಅಂಗೈಗೆ ಹಾಕಿಕೊಂಡರೆ ಹೊಗೆ ವಾಸನೆ. ನಮ್ಮಲ್ಲಿ ಕಣದಲ್ಲಿ ಬಿಸಿಲಿಗೆ ಹರವುತ್ತೇವೆ, ಅಲ್ಲಿ ಸೌದೆ ಉರಿಸಿ ಡ್ರೈಯರ್‌ನಲ್ಲಿ ಒಣಗಿಸುವುದು ಜಾಸ್ತಿ. "ನಮ್ಮ ಅಪ್ಪ ಈ ವಾಸನೆ ಬಂದ್ರೆ ಮೆಣಸನ್ನ ಮನೆ ಒಳಗೇ ಬಿಡಲ್ಲ ಅಕ್ಕಾ" ಅಂದ. ಆ ದೇಶಕ್ಕೆ ಮೆಣಸಿನ ಬೇಸಾಯ ಗಟ್ಟಿಯಾಗಿ ಬಂದದ್ದೇ ಜಪಾನಿನಿಂದ ವಲಸೆ ಹೋದವರಿಂದ. 1933ರಲ್ಲಿ ಸಿಂಗಪುರದಿಂದ ಸಸಿ ಒಯ್ದು ಪಾರಾ ರಾಜ್ಯದ ಟೊಮೆ ಅಸು ಊರಿನಲ್ಲಿ ನೆಟ್ಟರು. ಅವನಿಗೆ ಇಂಥದ್ದೆಲ್ಲ ಕೇಳಲು ಬಹಳ ಇಷ್ಟ.

ಅಷ್ಟರಲ್ಲಿ ಈಜಿಪ್ಟ್‌ನಿಂದ ಒಳ್ಳೆ ರೇಟು ಬಂತು. ರಿಯಾಯಿತಿ ಡ್ಯೂಟಿಗೆ ಬೇಕಾದ ಕಾಗದ ಕೊಡುತ್ತೇನೆ ಎಂದು ಕರಾರಿನಲ್ಲಿ ಒಪ್ಪಿಕೊಂಡ. ಚೀಲ ಬದಲಿಸಿ, ಮೆಣಸು ಇನ್ನೊಮ್ಮೆ ಜರಡಿ ಹಿಡಿಸಿ, ಐನ್ ಸೊಖ್ನಾ ಬಂದರಿಗೆ ಕಳಿಸಿದ. ನನ್ನ ಹತ್ತಿರ ಬಂದದ್ದು ಹಡಗು ಹೊರಟ ಮೇಲೆ.

"ಬ್ರೆಜಿಲ್‌ದು ಅಂತ ಸರ್ಟಿಫಿಕೇಟ್ ಇದೆಯಲ್ಲ ಅಕ್ಕಾ. ಇನ್ನೇನು ಬೇಕು?"

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸರ್ಟಿಫಿಕೇಟ್ ಆಫ್ ಒರಿಜಿನ್ ಎರಡು ಥರ. ಒಂದು ಸಾಮಾನ್ಯ ಸರ್ಟಿಫಿಕೇಟ್. ಈ ಸರಕು ಬೆಳೆದದ್ದು ಬ್ರೆಜಿಲ್‌ನಲ್ಲಿ ಎಂದಷ್ಟೇ ಅದು ಹೇಳುತ್ತದೆ. ಅದರಿಂದ ಡ್ಯೂಟಿ ಕಡಿಮೆಯಾಗುವುದಿಲ್ಲ. ಇನ್ನೊಂದು ಒಪ್ಪಂದದ ಸರ್ಟಿಫಿಕೇಟ್. ಅದಕ್ಕೆ ಆ ಒಪ್ಪಂದದ್ದೇ ನಮೂನೆ ಇದೆ, ಯಾವ ನಿಯಮದಡಿ ಸರಕು ಆ ದೇಶದ್ದು ಎಂದು ಬರೆದಿರುತ್ತದೆ. ಸರ್ಕಾರ ಅಧಿಕಾರ ಕೊಟ್ಟ ಸಂಸ್ಥೆಯೇ ಅದನ್ನು ಕೊಡಬೇಕು. ರಿಯಾಯಿತಿ ಸಿಗುವುದು ಇದಕ್ಕೆ ಮಾತ್ರ. ಅವನ ಕೈಯಲ್ಲಿದ್ದದ್ದು ಮೊದಲನೆಯದು.

ಎರಡನೆಯದನ್ನು ಈಗ ತರಿಸೋಣ ಎಂದರೂ ದಾರಿ ಇರಲಿಲ್ಲ. ಸರಕು ಒಪ್ಪಂದದ ಒಂದು ದೇಶದಿಂದ ಇನ್ನೊಂದಕ್ಕೆ ನೇರವಾಗಿ ಹೋಗಬೇಕು ಎನ್ನುವುದು ನಿಯಮ. ನಡುವೆ ಬೇರೆ ಬಂದರಿನಲ್ಲಿ ಹಡಗು ಬದಲಾದರೆ ತೊಂದರೆ ಇಲ್ಲ. ಸರಕು ಅಲ್ಲಿ ಕಸ್ಟಮ್ಸ್ ಕಣ್ಣ ಕೆಳಗೇ ಇರಬೇಕು, ಇಳಿಸಿ ಹತ್ತಿಸುವುದು ಬಿಟ್ಟು ಮತ್ತೇನೂ ಮಾಡಿರಬಾರದು. ಅವನದು ಹೊರಟದ್ದೇ ದುಬೈಗೆ ಎಂದು, ದುಬೈ ಕಂಪನಿಯ ಹೆಸರಿಗೆ. ಮೇಲೆ ಚೀಲ ಬಿಚ್ಚಿ, ಜರಡಿ ಹಿಡಿದು, ಬೇರೆ ಚೀಲಕ್ಕೆ ತುಂಬಿದ್ದಾನೆ. ಮೆಣಸು ಬ್ರೆಜಿಲ್‌ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಈಜಿಪ್ಟ್ ಕಸ್ಟಮ್ಸ್ ಕಣ್ಣಿಗೆ ಅದು ದುಬೈನಿಂದ ಬಂದ ಮೆಣಸು.

ಖರೀದಿದಾರ ಪೂರ್ತಿ ಡ್ಯೂಟಿ ಕಟ್ಟಿ ಸರಕು ಬಿಡಿಸಿಕೊಂಡ. ವ್ಯತ್ಯಾಸದ ಹಣವನ್ನು ಬಿಲ್ಲಿನಲ್ಲಿ ಹಿಡಿದುಕೊಂಡ. ಕಾಗದಕ್ಕಾಗಿ ಕಾದ ದಿನಗಳಿಗೆ ಡಿಮರೇಜ್, ಅಂದರೆ ಕಂಟೇನರ್ ತಡವಾದದ್ದಕ್ಕೆ ಕಟ್ಟುವ ದಂಡ, ಬೇರೆ. ಹುಡುಗನ ಲಾಭ ಪೂರ್ತಿ ಹೋಗಿ ಮೇಲೆ ಕೈಯಿಂದಲೂ ಹೋಯಿತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮನೇಲಿ ಹೇಳ್ಬೇಡಿ ಅಕ್ಕಾ" ಅಂದ. ನನಗೆ ಹೊಟ್ಟೆ ಚುರುಕ್ ಎಂದಿತು. ಗೋಡೌನಿಗೆ ಹೋದ ದಿನ ಈಜಿಪ್ಟ್ ಅಂತ ಒಂದು ಮಾತು ಬಂದಿದ್ದರೆ ಅಲ್ಲೇ ತಡೆಯುತ್ತಿದ್ದೆ.

ತಿರುಗಾ ದಿಕ್ಕಿನಲ್ಲೂ ಇದೇ ನಿಯಮ. ಈಜಿಪ್ಟ್‌ನಿಂದ ಬ್ರೆಜಿಲ್‌ಗೆ ಗೊಬ್ಬರ, ಆಲಿವ್, ಬೆಳ್ಳುಳ್ಳಿ ಹೋಗುತ್ತವೆ. ಚೀನಾದ ಬೆಳ್ಳುಳ್ಳಿಗೆ ಬ್ರೆಜಿಲ್ 1990ರ ದಶಕದಿಂದಲೇ ಆಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ, ಹಾಕಿದೆ. ಅದಕ್ಕೇ ಕೆಲವರು ಕೇಳುತ್ತಾರೆ, ಚೀನಾದ್ದನ್ನು ಈಜಿಪ್ಟ್‌ಗೆ ತಂದು ಚೀಲ ಬದಲಿಸಿ ಕಳಿಸಿದರೆ ಹೇಗೆ ಅಂತ. ಚೀಲ ಬದಲಿಸಿದರೆ ಬೆಳ್ಳುಳ್ಳಿ ಹುಟ್ಟಿದ ಊರು ಬದಲಾಗುವುದಿಲ್ಲ. ಅದು ಮೋಸ. ಅಂಥ ಕಾಗದವನ್ನು ನಾನು ಮುಟ್ಟುವುದಿಲ್ಲ.

ಇನ್ನೊಂದು ಮಾತು. 2021ರ ಅಕ್ಟೋಬರ್‌ನಿಂದ ಈಜಿಪ್ಟ್‌ಗೆ ಸಮುದ್ರದ ಮೇಲೆ ಏನೇ ಕಳಿಸಿದರೂ ಹಡಗು ಹತ್ತಿಸುವ ಮೊದಲೇ ಅಲ್ಲಿನ ಆಮದುದಾರ ನಫೇಜಾ ಎನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನಂಬರ್ ತೆಗೆಸಬೇಕು. 19 ಅಂಕಿಯ ಆ ನಂಬರ್ ಇನ್‌ವಾಯ್ಸ್‌ನಲ್ಲೂ ಹಡಗಿನವರು ಕೊಡುವ ಸಾಗಣೆ ಪತ್ರವಾದ ಬಿಎಲ್‌ನಲ್ಲೂ ಇರಬೇಕು. ಆಮೇಲೆ ಸೇರಿಸಿಕೊಳ್ಳೋಣ ಅನ್ನುವ ಆಟ ಅಲ್ಲಿ ನಡೆಯುವುದಿಲ್ಲ.

ಸಕಲೇಶಪುರದ ಹುಡುಗ ಈಗ ಮತ್ತೆ ಮೆಣಸು ಕಳಿಸುತ್ತಿದ್ದಾನೆ. ಈ ಸಲ ಬ್ರೆಜಿಲ್‌ನಿಂದ ನೇರ ಅಲೆಕ್ಸಾಂಡ್ರಿಯಾಗೆ. ಕಂಟೇನರ್ ತುಂಬುವ ಮೊದಲೇ ಎಲ್ಲ ಕಾಗದದ ಡ್ರಾಫ್ಟ್ ಕಳಿಸಿದ. ಎಚ್‌ಎಸ್ ಕೋಡ್ 090411, ಇಡೀ ಮೆಣಸು, ಸರಿ ಇದೆ. ಒಪ್ಪಂದದ ಸರ್ಟಿಫಿಕೇಟ್‌ನ ನಮೂನೆಯೂ ಸರಿ. ಆದರೆ ಇನ್‌ವಾಯ್ಸ್‌ನಲ್ಲಿ 280 ಚೀಲ, ಸರ್ಟಿಫಿಕೇಟ್‌ನಲ್ಲಿ 288. ಇವತ್ತು ಬೆಳಗ್ಗೆ ಅದನ್ನು ಕೆಂಪು ಗುರುತು ಹಾಕಿ ಸಾವೊ ಮಟಿಯಸ್‌ಗೆ ವಾಪಸ್ ಕಳಿಸಿದ್ದೇನೆ. ಅಲ್ಲಿಯ ಗಡಿಯಾರ ನಮಗಿಂತ ಏಳು ಗಂಟೆ ಹಿಂದೆ, ಅವರ ಆಫೀಸು ತೆರೆಯುವಾಗ ಇಲ್ಲಿ ಸಂಜೆ ನಾಲ್ಕು. ಈಗಾಗಲೇ ಹುಡುಗ ಎರಡು ಸಲ ಫೋನ್ ಮಾಡಿ ಆಗಿದೆ.