ಮಣ್ಣಿಗೂ ಮುಪ್ಪು ಬರುತ್ತದೆ

ಮಣ್ಣಿಗೆ ವಯಸ್ಸಾಗುತ್ತದೆ ಎಂದರೆ ನಗು ಬಂದೀತು. ಆದರೆ ಹವಾಯಿ ದ್ವೀಪಗಳನ್ನು ಆಗ್ನೇಯದಿಂದ ವಾಯವ್ಯಕ್ಕೆ ಒಂದೊಂದಾಗಿ ನೋಡುತ್ತ ಹೋದರೆ ಮಣ್ಣಿನ ಹುಟ್ಟು, ಹರೆಯ, ಮುಪ್ಪು ಮೂರೂ ಸಾಲಾಗಿ ಕಣ್ಣಿಗೆ ಬೀಳುತ್ತವೆ.

ಹೀಗೆ ಸಾಲು ಹಿಡಿಸಿದ್ದು ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಸರಿದಾಡುವ ದೊಡ್ಡ ತುಂಡು. ಪೆಸಿಫಿಕ್ ಫಲಕ ವರ್ಷಕ್ಕೆ 7ರಿಂದ 10 ಸೆಂಟಿಮೀಟರಿನಷ್ಟು ವಾಯವ್ಯಕ್ಕೆ ಸರಿಯುತ್ತಿದೆ. ಅದರಡಿಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತ ಕುಲುಮೆಯೊಂದು ಶಿಲಾಪಾಕವನ್ನು ಮೇಲಕ್ಕೆ ಉಕ್ಕಿಸುತ್ತಿದೆ. ಕುಲುಮೆಯ ನೆತ್ತಿಯ ಮೇಲೆ ದ್ವೀಪ ಹುಟ್ಟುತ್ತದೆ, ಫಲಕ ಅದನ್ನು ಹೊತ್ತು ಮುಂದೆ ಹೋಗುತ್ತದೆ, ತೆರವಾದ ಜಾಗದಲ್ಲಿ ಇನ್ನೊಂದು. ಸಾಲಿನ ಆಗ್ನೇಯ ತುದಿಯ ದ್ವೀಪದಲ್ಲಿ ಕಿಲವೇಯ ಜ್ವಾಲಾಮುಖಿ ಈಗಲೂ ಲಾವಾ ಉಗುಳುತ್ತದೆ. ಸುಮಾರು 500 ಕಿ.ಮೀ. ಆಚೆಯ ಕವಾಯಿ ದ್ವೀಪಕ್ಕೆ ಆಗಲೇ ಸುಮಾರು 50 ಲಕ್ಷ ವರ್ಷ.

ಹೊಸ ಲಾವಾ ನೆಲವೆಂದರೆ ಹಗ್ಗ ಸುತ್ತಿಟ್ಟಂತೆ ಮಡಿಕೆ ಬಿದ್ದ ಕಪ್ಪು ಕಲ್ಲು, ಮೇಲೆ ಗಾಜಿನ ಹೊಳಪು. ಬಿರುಕಿನಲ್ಲಿ ಮಳೆನೀರು ನಿಂತು ಚಿಟಿಕೆ ಧೂಳು ಸೇರಿದರೆ ಸಾಕು, ಜರೀಗಿಡ ತಲೆಯೆತ್ತುತ್ತದೆ. ಬೂದುಬಣ್ಣದ ಕಲ್ಲುಹೂವು ಕಲ್ಲಿಗೆ ಕಚ್ಚಿಕೊಂಡು ತನ್ನ ಆಮ್ಲದಿಂದ ಅದನ್ನು ಸವೆಸುತ್ತದೆ. ಕಲ್ಲಿನಲ್ಲಿ ರಂಜಕ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಇವೆ. ಸಾರಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಗಾಳಿಯಿಂದ ಹಿಡಿದು ಕೊಡಬೇಕಾದವು ಸೂಕ್ಷ್ಮಜೀವಿಗಳು. ಹಾಗಾಗಿ ಎಳೆಯ ಮಣ್ಣಿನ ಗಿಡಗಳಿಗೆ ಸಾರಜನಕದ ಹಸಿವು.

ಕವಾಯಿಯಲ್ಲಿ ಇದು ತಿರುಗುಮುರುಗು. ಲಕ್ಷಾಂತರ ವರ್ಷಗಳ ಮಳೆ ಕರಗುವುದನ್ನೆಲ್ಲ ಬಸಿದು ಕಡಲಿಗೆ ಸಾಗಿಸಿದೆ. ಉಳಿದಿರುವುದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿದ ಕೆಂಪು ಮಣ್ಣು. ಅಳಿದುಳಿದ ರಂಜಕವನ್ನೂ ಅದು ಬೇರಿಗೆ ಬಿಟ್ಟುಕೊಡುವುದಿಲ್ಲ. ಆದರೂ ಅಲ್ಲಿ ಕಾಡು ಬೆಳೆದು ನಿಂತಿದೆ! ಏಷ್ಯಾದ ಮರುಭೂಮಿಗಳಲ್ಲಿ ಎದ್ದ ಧೂಳು ಸಾಗರ ದಾಟಿ ಬಂದು ರಂಜಕದ ಸಮೇತ ಅಲ್ಲಿ ಉದುರುತ್ತದೆ. ಮಣ್ಣಿನ ವಿಚಾರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ್ದು ಇನ್ನೊಂದಿಲ್ಲ.

ಧೂಳು ಸಾಲದ ಕಡೆ ಹೊಸ ಕಲ್ಲೇ ಬೇಕು. ಫಲಕಗಳು ಡಿಕ್ಕಿ ಹೊಡೆದಲ್ಲಿ ಮೇಲೆದ್ದ ಹಿಮಾಲಯದಿಂದ ನದಿಗಳು ಅರೆದ ಕಲ್ಲನ್ನು ತಂದು ಬಯಲಿಗೆ ಹರಡುತ್ತವೆ. ಫಲಕದ ನಡುವೆ ಕೂತ ಆಸ್ಟ್ರೇಲಿಯದಲ್ಲಿ ಬಹುಕಾಲದಿಂದ ಅಂಥ ಪರ್ವತ ಎದ್ದಿಲ್ಲ. ಅಲ್ಲಿನ ಬಹುಪಾಲು ಮಣ್ಣಿಗೆ ರಂಜಕದ ಬಡತನ.

ಹಾಗಾದರೆ ಹಳೆಯ ಮಣ್ಣು ಕೊಚ್ಚಿಹೋದರೆ ಲಾಭವೇ ಅಲ್ಲವೇ? ಬೆಟ್ಟ ಏಳುವಷ್ಟೇ ನಿಧಾನಕ್ಕೆ ಹೋದರೆ ಹೌದು. ಒಂದು ಸೆಂಟಿಮೀಟರ್ ಮಣ್ಣು ಕೂಡಿಬರಲು ನೂರಾರು ವರ್ಷ ಹಿಡಿಯುತ್ತದೆ. ಉತ್ತು ಬೋಳಾಗಿ ಬಿಟ್ಟ ನೆಲಕ್ಕೆ ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಡಿಯುತ್ತದೆ. ಮಣ್ಣಿನ ಗುಳಿಗೆ ಒಡೆಯುತ್ತದೆ, ಸಿಡಿದ ಸಣ್ಣ ಕಣಗಳು ನೆಲದ ರಂಧ್ರಗಳಿಗೆ ಮೆತ್ತಿಕೊಳ್ಳುತ್ತವೆ, ಇಂಗಬೇಕಿದ್ದ ನೀರು ಮೇಲ್ಮಣ್ಣನ್ನು ಎಳೆದುಕೊಂಡು ಹರಿಯುತ್ತದೆ. ಮಳೆ ಬಾರದಿದ್ದರೂ ಬಚಾವಿಲ್ಲ: ಅಮೆರಿಕದ ಬಯಲುಗಳಲ್ಲಿ ಹುಲ್ಲುಗಾವಲು ಉತ್ತು ಮಾಡಿದ ಹೊಲಗಳ ಮಣ್ಣು ಬರಗಾಲದಲ್ಲಿ, 1934ರ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ವರೆಗೆ ಹಾರಿತ್ತು. ಕವಾಯಿಯ ಕಾಡನ್ನು ಸಾಕುವುದೂ ಧೂಳೇ. ಆದರೆ ಇಲ್ಲಿ ಹಾರಿದ್ದು ಬೆಳೆ ಬೆಳೆಯುತ್ತಿದ್ದ ನೆಲ.

ಅತ್ತ ಹವಾಯಿಯ ಆಗ್ನೇಯಕ್ಕೆ, ಸುಮಾರು ಒಂದು ಕಿಲೋಮೀಟರ್ ನೀರಿನಡಿ, ಲೋಯಿಹಿ ಎಂದು ಬಹುಕಾಲ ಕರೆಸಿಕೊಂಡ ಜ್ವಾಲಾಮುಖಿ ಬೆಳೆಯುತ್ತಿದೆ. ಅದು ತಲೆ ಹೊರಹಾಕಿ, ಅಲ್ಲೊಂದು ಬಿರುಕಿನಲ್ಲಿ ಜರೀಗಿಡ ಚಿಗುರಲು ಇನ್ನೂ ಹತ್ತಾರು ಸಾವಿರ ವರ್ಷ ಬೇಕು.